ತಿಂಗಳ ದೇಣಿಗೆಗೊಂದು ರಿವ್ಯೂ: ಇಂಟರ್ನೆಟ್ ಫ್ರೀಡಂ ಫೌಂಡೇಶನ್ ಸದಸ್ಯತ್ವ, ರಿಪ್ಪನ್‌ಪೇಟೆ ಕಡೆಯಿಂದ

ಕಳೆ ಕೊಚ್ಚುವ ಮೆಷಿನ್ ತೆಗೆದುಕೊಳ್ಳಬೇಕಾದರೆ ನಮ್ಮ ಮನೆಯಲ್ಲಿ ವಾರಗಟ್ಟಲೆ ಚರ್ಚೆಯಾಗುತ್ತದೆ. ಯಾರ ತೋಟದಲ್ಲಿ ಯಾವ ಕಂಪನಿಯದ್ದಿದೆ, ಎಷ್ಟು ಪೆಟ್ರೋಲ್ ಕುಡಿಯುತ್ತದೆ, ಸ್ಪೇರ್ ಶಿವಮೊಗ್ಗದಲ್ಲೇ ಸಿಗುತ್ತದೋ ಅಥವಾ ಬೆಂಗಳೂರಿಗೇ ಹೋಗಬೇಕೋ, ಎಲ್ಲ ವಿಚಾರಿಸುತ್ತೇವೆ. ದೇಣಿಗೆಯ ವಿಷಯ ಬಂದರೆ ಮಾತ್ರ ಯಾವ ವಿಚಾರಣೆಯೂ ಇಲ್ಲ. ರಸೀದಿ ಪುಸ್ತಕ ಹಿಡಿದು ಬಂದವರ ಮುಖ ಪರಿಚಯವಿದ್ದರೆ ಕೊಟ್ಟುಬಿಡುತ್ತೇವೆ, ಇಲ್ಲದಿದ್ದರೆ ಚಿಲ್ಲರೆ ಇಲ್ಲ ಅನ್ನುತ್ತೇವೆ. ದುಡ್ಡು ದುಡ್ಡೇ ತಾನೆ. ಹಾಗಾಗಿ ನಾನು ಪ್ರತಿ ತಿಂಗಳು ಕೊಡುತ್ತಿರುವ ಒಂದು ದೇಣಿಗೆಯ ಬಗ್ಗೆ, ವಸ್ತು ಕೊಂಡವರು ಬರೆಯುವ ಹಾಗೆಯೇ ಇಲ್ಲಿ ಬರೆಯುತ್ತಿದ್ದೇನೆ.

ದೇಣಿಗೆ ಹೋಗುವುದು ದೆಹಲಿಯ ಇಂಟರ್ನೆಟ್ ಫ್ರೀಡಂ ಫೌಂಡೇಶನ್ ಎಂಬ ಸಂಸ್ಥೆಗೆ. ಮೊತ್ತ ದೊಡ್ಡದೇನಲ್ಲ. ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ, ಮಸಾಲೆ ದೋಸೆ ಕಾಫಿ ಮುಗಿಸಿ, ವಾಪಸ್ ಬರುವಷ್ಟು. ಮುಖ ಗುರುತಿಸುವ ಕ್ಯಾಮೆರಾ, ಬೆರಳಚ್ಚು, ರೈತರ ಡೇಟಾ, ಎಐ, ಇಂಥ ಹೊಸ ತಂತ್ರಜ್ಞಾನ ಜನರ ಮೇಲೆ ಬಂದು ಕೂತಾಗ ಇದು ಸರಿಯಾ ತಪ್ಪಾ, ಯಾರ ಅನುಮತಿ ತಗೊಂಡಿರಿ, ತಪ್ಪಾದರೆ ಯಾರು ಹೊಣೆ ಎಂದು ಕೇಳುವುದು ಅವರ ಕೆಲಸ. ಲಾಭದ ಸಂಸ್ಥೆಯಲ್ಲ.

ನನಗೂ ಇದಕ್ಕೂ ಎಂತ ಸಂಬಂಧ ಅಂದರೆ, ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆ ಹತ್ತಿರ ನಂದೊಂದು ಝೆರಾಕ್ಸ್ ಮತ್ತು ಆನ್‌ಲೈನ್ ಸೆಂಟರ್ ಇದೆ. ಪಹಣಿ, ಜಾತಿ ಆದಾಯ ಪ್ರಮಾಣಪತ್ರ, ಪ್ಯಾನ್ ಕಾರ್ಡ್, ಸ್ಕಾಲರ್‌ಶಿಪ್ ಅರ್ಜಿ, ಬೆಳೆ ವಿಮೆ, ಗ್ಯಾಸ್ ಇ-ಕೆವೈಸಿ, ಎಲ್ಲ ಮಾಡಿಕೊಡುತ್ತೇವೆ. ಸರ್ಕಾರ ಮತ್ತು ಜನರ ನಡುವೆ ಇವತ್ತು ಇರುವುದು ನಮ್ಮಂಥ ಕೌಂಟರುಗಳು. ಒಂದು ಕಡೆ ಸರ್ವರ್, ಇನ್ನೊಂದು ಕಡೆ ಮಳೆಯಲ್ಲಿ ನೆನೆದು ಬಂದ ಮನುಷ್ಯ. ಎರಡೂ ಒಪ್ಪದಿದ್ದಾಗ ಬೈಸಿಕೊಳ್ಳುವವರು ನಾವು.

ಬೆರಳಿನ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ನಾನು ಯಾಕೆ ದುಡ್ಡು ಕೊಡುತ್ತೇನೆ ಎನ್ನುವುದು ತಿಳಿಯುವುದಿಲ್ಲ. ಅಡಿಕೆ ಕೊನೆ ಕೊಯ್ಲು ಶುರುವಾದ ಮೇಲೆ ನಮ್ಮ ಕಡೆಯ ಹೆಂಗಸರ ಕೈ ನೋಡಬೇಕು. ಮೆಟ್ಟುಗತ್ತಿ ಮುಂದೆ ಕೂತು ರಾತ್ರಿ ಎಷ್ಟೊತ್ತಾದರೂ ಅಡಿಕೆ ಸುಲಿಯುತ್ತಾರೆ. ಲೆಕ್ಕ ಡಬ್ಬದ ಮೇಲೆ, ಹಾಗಾಗಿ ಕೈ ನಿಲ್ಲುವ ಹಾಗಿಲ್ಲ. ಹಸಿ ಸಿಪ್ಪೆಯ ಚೊಗರು ಬೆರಳಿನ ತುದಿಗೆ ಹತ್ತಿ ಕಪ್ಪಾಗುತ್ತದೆ. ಆ ಕಪ್ಪು ಸೋಪಿಗೆ ಬಗ್ಗುವುದಿಲ್ಲ. ಹುಣಸೆಹಣ್ಣೋ ಲಿಂಬೆಯೋ ಹಾಕಿ ತಿಕ್ಕಿದರೆ ಸ್ವಲ್ಪ ಬಿಡುತ್ತದೆ, ಅದರ ಜೊತೆ ಚರ್ಮವೂ ಏಳುತ್ತದೆ. ಹೆಬ್ಬೆರಳಿನ ಒಳಮೈಯಲ್ಲಿ ಸಣ್ಣ ಸಣ್ಣ ಕೊಯ್ತಗಳು, ಮೇಲೆ ಚಳಿಗೆ ಬಿಟ್ಟ ಬಿರುಕು.

ಬೆರಳಚ್ಚಿನ ಮೆಷಿನ್ ನೋಡುವುದು ಬೆರಳನ್ನಲ್ಲ, ಅದರ ಮೇಲಿನ ಗೆರೆಗಳನ್ನು. ಗೆರೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ಕವಲಾಗುತ್ತದೆ ಎಂಬ ಬಿಂದುಗಳನ್ನು ಹೆಕ್ಕಿ, ಅದನ್ನು ಸರ್ವರಿಗೆ ಕಳಿಸಿ, ಮೊದಲು ಕೊಟ್ಟ ಅಚ್ಚಿನ ಜೊತೆ ಹೋಲಿಸುತ್ತದೆ. ಗೆರೆಯೇ ಸವೆದಿದ್ದರೆ ಹೋಲಿಸಲು ಎಂತ ಉಳಿಯಿತು? ಕೈ ಒರೆಸಿ, ಒಂಚೂರು ಎಣ್ಣೆ ಮುಟ್ಟಿಸಿ, ಒತ್ತಿ ಹಿಡಿದು, ಬೇರೆ ಬೆರಳು ಕೊಟ್ಟು ನೋಡುತ್ತೇವೆ. ತೋರುಬೆರಳು, ನಡುಬೆರಳು, ಎಡಗೈ. ಕಿರುಬೆರಳು ಒಮ್ಮೊಮ್ಮೆ ಹಿಡಿಯುತ್ತದೆ, ಅದು ಕತ್ತಿಗೆ ಹೋಗುವುದು ಕಮ್ಮಿ. ಒಬ್ಬರು ಅಜ್ಜಿ ಸೊಸೈಟಿಯಲ್ಲಿ ಅಕ್ಕಿ ಸಿಗದೆ ನನ್ನ ಅಂಗಡಿಗೆ ಬಂದು, ಕೈಯೆರಡನ್ನೂ ಕೌಂಟರ್ ಮೇಲೆ ಮಲಗಿಸಿ ಹೇಳಿದರು: "ನೋಡೇ ತಂಗಿ, ಇಷ್ಟು ವರ್ಷ ಈ ಕೈ ನಂದೇ ಆಗಿತ್ತು. ಈಗ ಮೆಷಿನ್ನು ಅಲ್ಲ ಅಂತದೆ."

ನಾನು ಆ ದಿನ ಅವರಿಗೆ ಮೊಬೈಲ್ ಒಟಿಪಿಯಲ್ಲಿ ಕೆಲಸ ಮಾಡಿಸಿಕೊಟ್ಟೆ. ಅವರ ಮೊಮ್ಮಗನ ನಂಬರ್ ಲಿಂಕ್ ಆಗಿತ್ತು, ಅವನು ಬೆಂಗಳೂರಿನಲ್ಲಿ, ಪುಣ್ಯಕ್ಕೆ ಫೋನ್ ಎತ್ತಿದ. ಎತ್ತದಿದ್ದರೆ?

ಇದು ನಮ್ಮೂರಿನ ಸಮಸ್ಯೆ ಮಾತ್ರ ಅಂದುಕೊಂಡವರು ಒಂದು ಅಂಕಿ ನೋಡಬೇಕು. 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಆಧಾರ್ ಕೇಸು ನಡೆಯುವಾಗ, ಆಧಾರ್ ಪ್ರಾಧಿಕಾರದ ಮುಖ್ಯಸ್ಥರೇ ನ್ಯಾಯಮೂರ್ತಿಗಳ ಮುಂದೆ ಸ್ಲೈಡ್ ಹಾಕಿ ವಿವರಣೆ ಕೊಟ್ಟರು. ಗುರುತು ದೃಢವಾಗುವ ಪ್ರಮಾಣ ಟೆಲಿಕಾಂನಲ್ಲಿ 97%, ಬ್ಯಾಂಕಿನಲ್ಲಿ 95%, ಸರ್ಕಾರಿ ಸೇವೆಗಳಲ್ಲಿ 88% ಎಂಬ ಲೆಕ್ಕ ಆಗ ಹೊರಬಂತು. ಸಿಮ್ ಕೊಳ್ಳುವವನಿಗಿಂತ ಸರ್ಕಾರದ ಸವಲತ್ತು ಕೇಳುವವನ ಬೆರಳು ಹೆಚ್ಚು ಸೋಲುತ್ತದೆ. ಕೈಕೆಲಸ ಮಾಡುವವರು, ವಯಸ್ಸಾದವರು ಇರುವುದೇ ಆ ಸಾಲಿನಲ್ಲಿ ಎಂದು ಕೌಂಟರಿನಲ್ಲಿ ಕೂತ ನನಗೆ ಬೇರೆಯವರು ಹೇಳಬೇಕಾಗಿಲ್ಲ. ಆದರೆ ನನಗೆ ಗೊತ್ತಿದ್ದರೆ ಏನು ಬಂತು? ಆ ಲೆಕ್ಕ ತಾನಾಗಿ ಹೊರಗೆ ಬರಲಿಲ್ಲ. ಯಾರೋ ಕೇಸು ಹಾಕಿದ್ದರಿಂದ, ವರ್ಷಗಟ್ಟಲೆ ಬೆನ್ನು ಬಿಡದೆ ಕೇಳಿದ್ದರಿಂದ ಬಂತು. ಮೊದಲ ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ, 86ನೇ ವಯಸ್ಸಿನಲ್ಲಿ. ಅದೇ ಅರ್ಜಿಯಿಂದ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಅವರು 2024ರಲ್ಲಿ ತೀರಿಕೊಂಡಾಗ ನಮ್ಮ ಅಂಗಡಿಯಲ್ಲಿ ಪೇಪರ್ ಓದುತ್ತಿದ್ದವರಲ್ಲಿ ಹೆಚ್ಚಿನವರಿಗೆ ಅವರು ಯಾರೆಂದೇ ಗೊತ್ತಿರಲಿಲ್ಲ. ನನಗೆ ಅದು ಬಹಳ ಬೇಸರವಾಯಿತು.

ಆ ಕೇಸು ನಾನು ದೇಣಿಗೆ ಕೊಡುವ ಸಂಸ್ಥೆ ಹಾಕಿದ್ದಲ್ಲ, ಅದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಆದರೆ ಪ್ರಶ್ನೆ ಕೇಳುವುದೂ ಒಂದು ಕೆಲಸ, ಅದಕ್ಕೆ ಸಂಬಳ, ಬಾಡಿಗೆ, ಕಾಗದ, ವಕೀಲರು ಬೇಕು ಎನ್ನುವುದು ನನಗೆ ತಿಳಿದಿದ್ದು ಅಲ್ಲಿಂದಲೇ. ಒಬ್ಬ ನಿವೃತ್ತ ನ್ಯಾಯಮೂರ್ತಿಯ ಹಟವನ್ನೇ ನಂಬಿ ಎಲ್ಲ ಕಾಲಕ್ಕೂ ಕೂರಲಾಗುವುದಿಲ್ಲ.

ಸಾಗರದವರಿಗೆ, ನಮ್ಮ ತಾಲ್ಲೂಕಿನವರಿಗೆ ಇದು ಹೊಸದೂ ಅಲ್ಲ. 1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತ ಕಾರಣಗಳಲ್ಲಿ ಒಂದು, ಗೇಣಿ ಭತ್ತ ಅಳೆಯುವ ಕೊಳಗದ್ದು. ಒಡೆಯರ ಮನೆಯ ಕೊಳಗ ದೊಡ್ಡದು, ಭತ್ತ ಹೆಚ್ಚು ಹಿಡಿಯುತ್ತದೆ ಎಂಬುದು ತಕರಾರು. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಇಲ್ಲಿ ಬಂಧನಕ್ಕೊಳಗಾದರು. ಅಳೆಯುವ ಪಾತ್ರೆ ಯಾರ ಕೈಲಿದೆ, ಅದು ಸರಿ ಇದೆಯೋ ಇಲ್ಲವೋ ನೋಡುವವರು ಯಾರು ಎಂಬ ಪ್ರಶ್ನೆ ಆಗ ಕೊಳಗದ ಬಗ್ಗೆ ಇತ್ತು. ಈಗ ಅದೇ ಪ್ರಶ್ನೆಯನ್ನು ಬೆರಳಚ್ಚಿನ ಮೆಷಿನ್ ಬಗ್ಗೆ, ಮುಖ ನೋಡಿ ಹಾಜರಿ ಹಾಕುವ ಆಪ್ ಬಗ್ಗೆ, ಸಾಲಕ್ಕೆ ಯಾರು ಅರ್ಹರೆಂದು ತೀರ್ಮಾನಿಸುವ ಸಾಫ್ಟ್‌ವೇರ್ ಬಗ್ಗೆ ಕೇಳಬೇಕಾಗಿದೆ.

ಯಾವ ಸಂಸ್ಥೆ ಎಂದು ಆರಿಸುವುದಕ್ಕೆ ನಾನು ಸಮಯ ತೆಗೆದುಕೊಂಡೆ. ನಮ್ಮ ದೇಶದಲ್ಲಿ ಈ ಕೆಲಸ ಮಾಡುವವರು ಕೈಬೆರಳೆಣಿಕೆಯಷ್ಟೇನಲ್ಲ. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ 2008ರಿಂದ ಇದೆ, ಸಂಶೋಧನೆ ಅವರ ಮುಖ್ಯ ಕೆಲಸ. ಕನ್ನಡ ವಿಕಿಪೀಡಿಯಕ್ಕೆ ಬೆಂಬಲ ಕೊಟ್ಟವರೂ ಅವರೇ. ಬೆಂಗಳೂರಿನದೇ ಐಟಿ ಫಾರ್ ಚೇಂಜ್ 2000ದಿಂದ ಇದೆ. ನಮ್ಮ ಹೈಸ್ಕೂಲ್ ಮೇಷ್ಟ್ರುಗಳು ಬಳಸುವ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಕೆಲಸದಲ್ಲಿ ಅವರ ಪಾಲು ದೊಡ್ಡದು. ದೆಹಲಿಯ ಎಸ್‌ಎಫ್‌ಎಲ್‌ಸಿ ಡಾಟ್ ಇನ್ ದೇಶದಲ್ಲಿ ಎಲ್ಲೆಲ್ಲಿ ಯಾವಾಗ ಇಂಟರ್ನೆಟ್ ಬಂದ್ ಮಾಡಿದರು ಎಂಬ ಲೆಕ್ಕ ಇಟ್ಟುಕೊಂಡು ಬಂದಿದೆ. ಎಲ್ಲವೂ ಬೇಕಾದ ಕೆಲಸವೇ.

ಇಂಟರ್ನೆಟ್ ಫ್ರೀಡಂ ಫೌಂಡೇಶನ್ನನ್ನು ಆರಿಸಿದ್ದು ಅವರು ಹುಟ್ಟಿದ ರೀತಿ ನೋಡಿ. 2015ರಲ್ಲಿ ಕೆಲವು ಕಂಪನಿಗಳು ತಮಗೆ ಬೇಕಾದ ವೆಬ್‌ಸೈಟುಗಳನ್ನು ಮಾತ್ರ ಪುಕ್ಕಟೆ ಕೊಡುತ್ತೇವೆ ಎಂದು ಹೊರಟಾಗ, ಸೇವ್ ದಿ ಇಂಟರ್ನೆಟ್ ಎಂಬ ಅಭಿಯಾನ ನಡೆದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ಗೆ 10 ಲಕ್ಷಕ್ಕೂ ಹೆಚ್ಚು ಇಮೇಲ್ ಹೋಯಿತು. 2016ರ ಫೆಬ್ರವರಿ 8ರಂದು ಟ್ರಾಯ್ ಆ ತಾರತಮ್ಯದ ದರವನ್ನು ನಿಷೇಧಿಸಿತು. ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ಇಲ್ಲಿ ನಿಂತುಹೋಗಿದ್ದು ಅದರಿಂದಲೇ. ಆ ಅಭಿಯಾನದಲ್ಲಿದ್ದವರು ಅದೇ ವರ್ಷ ಕಟ್ಟಿದ ಸಂಸ್ಥೆ ಇದು. ಅಂದರೆ ದೊಡ್ಡ ದುಡ್ಡಿನಿಂದ ಮೊದಲು ಕಟ್ಟಡ ಎದ್ದು ಆಮೇಲೆ ಕೆಲಸ ಹುಡುಕಿದ್ದಲ್ಲ. ಕೆಲಸ ಮೊದಲು ಆಗಿ, ಆಮೇಲೆ ಬೋರ್ಡ್ ಬಿತ್ತು.

2020ರ ಕೊನೆಗೆ ಅವರು ಪ್ರಾಜೆಕ್ಟ್ ಪನೋಪ್ಟಿಕ್ ಶುರು ಮಾಡಿದರು. ಯಾವ ರಾಜ್ಯದಲ್ಲಿ, ಯಾವ ಇಲಾಖೆ, ಮುಖ ಗುರುತಿಸುವ ವ್ಯವಸ್ಥೆಯನ್ನು ಎಷ್ಟು ದುಡ್ಡಿಗೆ, ಯಾವ ಕಾನೂನಿನಡಿ ತರುತ್ತಿದೆ ಎಂಬುದನ್ನು ಆರ್‌ಟಿಐ ಹಾಕಿ ಹಾಕಿ ಒಂದೇ ಕಡೆ ಕೂಡಿಸುವ ಕೆಲಸ. ಆರ್‌ಟಿಐ ಅರ್ಜಿಗೆ 10 ರೂಪಾಯಿ ಶುಲ್ಕ. ಆದರೆ ಅರ್ಜಿ ಬರೆಯುವವನಿಗೆ ಯಾವುದನ್ನು ಕೇಳಬೇಕೆಂದು ಗೊತ್ತಿರಬೇಕು, ಉತ್ತರ ಕೊಡದಿದ್ದರೆ ಮೇಲ್ಮನವಿ ಹಾಕಬೇಕು, ಮತ್ತೆ ಕಾಯಬೇಕು. ನನ್ನ ಅಂಗಡಿಯಲ್ಲಿ ಆರ್‌ಟಿಐ ಅರ್ಜಿ ಬರೆಸಿಕೊಂಡು ಹೋದವರಲ್ಲಿ ಮೇಲ್ಮನವಿವರೆಗೆ ಹೋದವರನ್ನು ನಾನು ನೋಡಿದ್ದು ಅಪರೂಪ. ಅಂಥ ಹಿಡಿದ ಕೆಲಸ ಬಿಡದವರಿಗೆ ಸಂಬಳ ಸಿಗಬೇಕು ಎಂದೇ ನನಗೆ ಅನ್ನಿಸಿದ್ದು. ತೆಲಂಗಾಣದಲ್ಲಿ ಪೊಲೀಸರು ಮುಖ ಗುರುತಿಸುವ ತಂತ್ರ ಬಳಸುವುದನ್ನು ಪ್ರಶ್ನಿಸಿ ಹೈದರಾಬಾದಿನ ಹೋರಾಟಗಾರರೊಬ್ಬರು ಅಲ್ಲಿನ ಹೈಕೋರ್ಟಿಗೆ ಹೋದಾಗ ಬೆಂಬಲಕ್ಕೆ ನಿಂತದ್ದೂ ಇದೇ ಸಂಸ್ಥೆ.

ಇನ್ನೊಂದು ವಿಷಯ ನೇರ ನಮ್ಮ ತೋಟಕ್ಕೇ ಬಂತು. 2021ರಲ್ಲಿ ಕೇಂದ್ರ ಕೃಷಿ ಸಚಿವಾಲಯ ಅಗ್ರಿಸ್ಟ್ಯಾಕ್ ಎಂಬ ರೈತರ ಡೇಟಾ ಯೋಜನೆಗೆ ಮೈಕ್ರೋಸಾಫ್ಟ್ ಜೊತೆ ಒಪ್ಪಂದ ಮಾಡಿಕೊಂಡು, 6 ರಾಜ್ಯಗಳ 100 ಹಳ್ಳಿಗಳಲ್ಲಿ ಪ್ರಯೋಗ ಎಂದು ಹೇಳಿತು. ಜಮೀನು ಎಷ್ಟು, ಬೆಳೆ ಯಾವುದು, ಸಾಲ ಎಷ್ಟು ಎಂಬ ವಿವರ ಒಂದೆಡೆ ಸೇರಿದರೆ ಅದನ್ನು ನೋಡುವವರು ಯಾರು, ಮಾರುವವರು ಯಾರು, ಗೇಣಿಗೆ ಮಾಡುವವನ ಹೆಸರು ಪಹಣಿಯಲ್ಲಿ ಇಲ್ಲದಿದ್ದರೆ ಅವನ ಗತಿ ಏನು ಎಂದು 50ಕ್ಕೂ ಹೆಚ್ಚು ಸಂಘಟನೆಗಳು ಸಚಿವಾಲಯಕ್ಕೆ ಪತ್ರ ಬರೆದವು, ಅದರಲ್ಲಿ ಈ ಫೌಂಡೇಶನ್ನಿನವರೂ ಇದ್ದರು. ನಮ್ಮಲ್ಲಿ ಬಗರ್‌ಹುಕುಂ ಜಮೀನು ಎಷ್ಟಿದೆ, ಅಣ್ಣತಮ್ಮಂದಿರ ಪಾಲಾಗದೆ ಅಜ್ಜನ ಹೆಸರಲ್ಲೇ ಉಳಿದ ಪಹಣಿ ಎಷ್ಟಿದೆ ಎಂದು ನನಗೆ ಗೊತ್ತು, ದಿನಾ ಪ್ರಿಂಟ್ ತೆಗೆಯುವವಳು ನಾನು. ಕಂಪ್ಯೂಟರಿನಲ್ಲಿರುವ ರೈತ ಒಬ್ಬ, ಗದ್ದೆಯಲ್ಲಿರುವ ರೈತ ಇನ್ನೊಬ್ಬ. ಎಐ ಸಲಹೆ, ವಿಮೆ, ಸಾಲ ಎಲ್ಲ ಕಂಪ್ಯೂಟರಿನಲ್ಲಿರುವ ರೈತನಿಗೆ ಹೋದರೆ ಗದ್ದೆಯಲ್ಲಿರುವವನು ಏನು ಮಾಡಬೇಕು? ಈ ಪ್ರಶ್ನೆಯನ್ನು ಸರಿಯಾದ ಜಾಗದಲ್ಲಿ, ಸರಿಯಾದ ಸಮಯಕ್ಕೆ ಯಾರೋ ಕೇಳಿದ್ದಾರೆ ಎಂದು ಓದಿದಾಗ ನನಗೆ ಆದ ಸಮಾಧಾನ ಸಣ್ಣದಲ್ಲ.

ಮನೆಯಲ್ಲಿ ಇದು ಸುಲಭಕ್ಕೆ ಒಪ್ಪಿಗೆಯಾದ ಖರ್ಚಲ್ಲ. "ಎಲೆಚುಕ್ಕಿ ರೋಗಕ್ಕೆ ಔಷಧಿ ಹೊಡೆಸುದಕ್ಕೆ ದುಡ್ಡಿಲ್ಲ, ನೀನು ಡೆಲ್ಲಿ ವಕೀಲರಿಗೆ ಕಳಿಸ್ತಿಯಲ್ಲೇ ಮಾರಾಯ್ತಿ" ಎಂದರು ನಮ್ಮನೆಯವರು. ಅವರ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ನಮ್ಮ ಕಡೆ ಕೊಡುವವರಿಗೆ ಬರ ಇಲ್ಲ. ಹರಕೆಗೆ ಯಕ್ಷಗಾನದ ಆಟ ಆಡಿಸುತ್ತಾರೆ, ಶಾಲೆಗೆ ಬೆಂಚು ಕೊಡುತ್ತಾರೆ, ದೇವಸ್ಥಾನದ ಅನ್ನಸಂತರ್ಪಣೆಗೆ ಅಕ್ಕಿ ತೆಂಗಿನಕಾಯಿ ಹೊರಿಸುತ್ತಾರೆ. ಅವೆಲ್ಲ ಕಣ್ಣಿಗೆ ಕಾಣುತ್ತವೆ. ಇಲ್ಲಿ ಕೊಟ್ಟ ದುಡ್ಡಿಗೆ ಕಾಣುವುದು ಒಂದು ಪಿಡಿಎಫ್, ಒಂದು ಪತ್ರ, ಒಂದು ಮುಂದೂಡಿದ ವಿಚಾರಣೆ. ಕೇಸು ಸೋಲಲೂಬಹುದು. ಈ ಸೇವೆ ಕೊಳ್ಳುವವರಿಗೆ ಇದು ಮೊದಲೇ ಗೊತ್ತಿರಬೇಕು. ಫಲ ಬೇಗ ಬೇಕು ಎನ್ನುವವರಿಗೆ ಇದು ಹೇಳಿ ಮಾಡಿಸಿದ್ದಲ್ಲ.

ಆದರೂ ನಾವು ಕೊಡದಿದ್ದರೆ ಯಾರು ಕೊಡುತ್ತಾರೆ ಎಂಬುದನ್ನು ಯೋಚಿಸಿ. ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ 2% ಸಮಾಜ ಕಾರ್ಯಕ್ಕೆ ಖರ್ಚು ಮಾಡಬೇಕು. ಶಾಲೆಗೆ ಕಂಪ್ಯೂಟರ್ ಕೊಡುತ್ತಾರೆ, ಒಳ್ಳೆಯದು. ಆ ಕಂಪ್ಯೂಟರಿನಲ್ಲಿ ಮಕ್ಕಳ ಯಾವ ವಿವರ ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರಿಗೆ ಅದೇ ಕಂಪನಿ ದುಡ್ಡು ಕೊಡುತ್ತದೆಯೇ? ಕಂಪನಿಯೊಳಗೇ ಕೂತು ಕೇಳಿದವರಿಗೆ ಏನಾಯಿತು ಎಂಬುದು ದಾಖಲಾಗಿದೆ. ಗೂಗಲ್‌ನಲ್ಲಿ ಎಐ ನೈತಿಕತೆಯ ತಂಡದ ಇಬ್ಬರು ಮುಖ್ಯಸ್ಥರಲ್ಲಿ ಒಬ್ಬರಾಗಿದ್ದ ಟಿಮ್ನಿಟ್ ಗೆಬ್ರು, ಮನುಷ್ಯರಂತೆ ಬರೆಯುವ ಎಐ, ಅಂದರೆ ದೊಡ್ಡ ಭಾಷಾ ಮಾದರಿಗಳ ಅಪಾಯದ ಬಗ್ಗೆ ಬರೆದ ಪ್ರಬಂಧದ ಜಗಳದಲ್ಲಿ 2020ರ ಡಿಸೆಂಬರಿನಲ್ಲಿ ಹೊರಬಿದ್ದರು. ರಾಜೀನಾಮೆ ಎಂದು ಕಂಪನಿ ಹೇಳಿತು, ತೆಗೆದುಹಾಕಿದರು ಎಂದು ಅವರು ಹೇಳಿದರು. ಒಂದು ವರ್ಷದ ನಂತರ ಅವರು ಡೇರ್ ಎಂಬ ಸ್ವತಂತ್ರ ಸಂಶೋಧನಾ ಸಂಸ್ಥೆ ಕಟ್ಟಿದರು. ನಾನ್‌ಪ್ರಾಫಿಟ್ ಎಂಬ ಬೋರ್ಡ್ ನೋಡಿ ಮರುಳಾಗುವುದೂ ಬೇಡ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ 2015ರಲ್ಲಿ ಹುಟ್ಟಿದ್ದು ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿಯೇ, 2019ರಲ್ಲಿ ಲಾಭದ ಅಂಗ ಸೇರಿಕೊಂಡಿತು. ಅದಕ್ಕೇ ನಾನು ದೇಣಿಗೆ ಕೊಡುವ ಮುಂಚೆ ನೋಡುವುದು ದುಡ್ಡು ಎಲ್ಲಿಂದ ಬರುತ್ತದೆ ಎಂಬುದನ್ನು. ಕೆಲವೇ ದೊಡ್ಡವರ ಕೈಯಿಂದ ಬರುತ್ತಿದ್ದರೆ ಅವರಲ್ಲೊಬ್ಬರು ಮುನಿಸಿಕೊಂಡ ದಿನ ಕೆಲಸ ನಿಲ್ಲುತ್ತದೆ. ನಮ್ಮಂಥ ಸಾವಿರ ಜನ ಸಣ್ಣ ಸಣ್ಣದು ಕೊಟ್ಟರೆ ಯಾರೊಬ್ಬರ ಮುಲಾಜೂ ಬೇಕಿಲ್ಲ. ಅದೂ ಇಂಥ ಯೋಜನೆಗೇ ಖರ್ಚು ಮಾಡಿ ಎಂಬ ಷರತ್ತಿಲ್ಲದೆ, ತಿಂಗಳು ತಿಂಗಳು ಬರುವ ದುಡ್ಡು. ಇಂಟರ್ನೆಟ್ ಫ್ರೀಡಂ ಫೌಂಡೇಶನ್ನಿನವರು ತಮ್ಮ ಲೆಕ್ಕಪತ್ರವನ್ನು ವೆಬ್‌ಸೈಟಿನಲ್ಲಿ ಹಾಕುತ್ತಾರೆ, ಯಾರು ಬೇಕಾದರೂ ನೋಡಬಹುದು. ಸಹಕಾರ ಸಂಘದ ವಾರ್ಷಿಕ ಸಭೆಯಲ್ಲಿ ಜಮಾ ಖರ್ಚು ಓದುವಾಗ ಎಲ್ಲರೂ ಊಟದ ಕಡೆ ನೋಡುವ ಊರು ನಮ್ಮದು. ನನಗೆ ಮಾತ್ರ ಅಂಕಣ ಅಂಕಣ ನೋಡುವ ಚಟ.

ದುಡ್ಡು ಕಟ್ಟುವ ವಿಧಾನಕ್ಕೆ ಬರುತ್ತೇನೆ. ಯುಪಿಐ ಆಟೋಪೇ ಇದ್ದರೆ ಅದೇ ಒಳ್ಳೆಯದು. ಒಮ್ಮೆ ಪಿನ್ ಹಾಕಿ ಒಪ್ಪಿಗೆ ಕೊಟ್ಟರೆ ಪ್ರತಿ ತಿಂಗಳು ಕಡಿತವಾಗುತ್ತದೆ, 24 ಗಂಟೆ ಮುಂಚೆ ಸಂದೇಶ ಬರುತ್ತದೆ. ಬೇಡ ಅನ್ನಿಸಿದ ದಿನ ನಿಮ್ಮ ಫೋನ್‌ಪೇ ಅಥವಾ ಭೀಮ್ ಒಳಗೇ ಆಟೋಪೇ ಪಟ್ಟಿಗೆ ಹೋಗಿ ರದ್ದು ಮಾಡಬಹುದು. ಯಾರನ್ನೂ ಕೇಳಬೇಕಾಗಿಲ್ಲ, ಯಾರಿಗೂ ಕಾರಣ ಹೇಳಬೇಕಾಗಿಲ್ಲ. ತೆರಿಗೆ ಕಟ್ಟುವವರಿಗೆ: 80ಜಿ ನೋಂದಣಿ ಇರುವ ಸಂಸ್ಥೆಗೆ ಕೊಟ್ಟರೆ ರಿಯಾಯಿತಿ ಸಿಗುವುದು ಹಳೇ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ. ನಗದು 2,000 ರೂಪಾಯಿ ಮೀರಿದರೆ ಲೆಕ್ಕಕ್ಕಿಲ್ಲ. ಪ್ಯಾನ್ ನಂಬರ್ ಕೊಟ್ಟಿರಬೇಕು, ವರ್ಷ ಮುಗಿದ ಮೇಲೆ ದೇಣಿಗೆಯ ಪ್ರಮಾಣಪತ್ರವಾದ ಫಾರ್ಮ್ 10ಬಿಇ ಕೇಳಿ ಪಡೆಯಬೇಕು. ಬರೀ ರಸೀದಿ ಇಟ್ಟುಕೊಂಡು ರಿಟರ್ನ್ಸ್ ತುಂಬಲು ನನ್ನ ಅಂಗಡಿಗೆ ಬರುವವರಿಗೆ ಪ್ರತಿ ವರ್ಷ ಇದನ್ನೇ ಹೇಳಿ ಗಂಟಲು ಒಣಗುತ್ತದೆ.

ಬೇರೊಂದು ಸಂಸ್ಥೆಗೆ ಕೊಡಲು ಹೋದಾಗ ಆದದ್ದನ್ನೂ ಹೇಳಿಬಿಡುತ್ತೇನೆ, ಹೆಸರು ಬೇಡ. ತಂತ್ರಜ್ಞಾನದ ನೈತಿಕತೆಯ ಬಗ್ಗೆಯೇ ಕೆಲಸ ಮಾಡುವವರು. ದೇಣಿಗೆ ಸಂಗ್ರಹಕ್ಕೆ ಯಾವುದೋ ಖಾಸಗಿ ಪ್ಲಾಟ್‌ಫಾರ್ಮ್ ಬಳಸಿದ್ದರು. ಮೊತ್ತ ಹಾಕಿ ಮುಂದೆ ಹೋದರೆ, ಆ ಪ್ಲಾಟ್‌ಫಾರ್ಮ್‌ಗೆ ಟಿಪ್ಸ್ ಎಂದು ಒಂದು ಭಾಗ ಆಗಲೇ ಸೇರಿಕೊಂಡು ಕೂತಿತ್ತು. ತೆಗೆಯುವ ಜಾಗ ತಿಳಿ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ, ಅದನ್ನು ಒತ್ತಿದರೆ ಮತ್ತೊಂದು ಪಟ್ಟಿ ತೆರೆದುಕೊಳ್ಳುತ್ತಿತ್ತು, ಅದರ ತಳದಲ್ಲಿ ಸೊನ್ನೆ. ಕೇಳದೆ ಬುಟ್ಟಿಗೆ ಸೇರಿಸುವ ಇಂಥ ಕೈಚಳಕವನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಹೆಸರಿಸಿದೆ, ಗ್ರಾಹಕರನ್ನು ಮರುಳು ಮಾಡುವ ಒಟ್ಟು 13 ಬಗೆಯ ಡಾರ್ಕ್ ಪ್ಯಾಟರ್ನ್‌ಗಳಲ್ಲಿ ಅದೂ ಒಂದು. ನಾನು ಕೊಡದೆ ವಾಪಸ್ ಬಂದೆ, ಯಾಕೆಂದು ಬರೆದೂ ಕಳಿಸಿದೆ. ನೀತಿ ಹೇಳುವವರು ದುಡ್ಡು ತೆಗೆದುಕೊಳ್ಳುವ ಪುಟದಲ್ಲೇ ನೀತಿ ಕಾಣಬೇಕು. ನೀವು ಯಾವ ಸಂಸ್ಥೆಗೆ ಕೊಡುವುದಾದರೂ ಕೊನೆಯ ಬಟನ್ ಒತ್ತುವ ಮುಂಚೆ ಒಟ್ಟು ಮೊತ್ತ ನೋಡಿ.

ನನಗೆ ಈ ಇಡೀ ಕ್ಷೇತ್ರದ ಮೇಲಿರುವ ದೊಡ್ಡ ತಕರಾರು ಭಾಷೆಯದ್ದು. ವರದಿ, ಪತ್ರ, ಕೋರ್ಟಿನ ಸಾರಾಂಶ, ಬಹುಪಾಲು ಇಂಗ್ಲಿಷಿನಲ್ಲಿ. ಅದನ್ನು ಓದುವವರು ಯಾರು? ವಿಮಾನ ನಿಲ್ದಾಣದಲ್ಲಿ ಮುಖ ತೋರಿಸಿ ಒಳಗೆ ಹೋಗುವವರು. ಅವರ ಖಾಸಗಿತನ ಮುಖ್ಯ, ಬೇಡ ಅನ್ನುವುದಿಲ್ಲ. ಅವರಿಗೆ ಬೇಡ ಎಂದು ಹೇಳಿ ಪಕ್ಕದ ಸಾಲಿಗೆ ಹೋಗುವ ದಾರಿಯಾದರೂ ಇದೆ. ನರೇಗಾ ಕೆಲಸಕ್ಕೆ 2023ರ ಜನವರಿಯಿಂದ ಆಪ್‌ನಲ್ಲಿ ಫೋಟೋ ಹಾಜರಿ ಕಡ್ಡಾಯವಾಯಿತು. ಅಂಗನವಾಡಿಯಲ್ಲಿ ಗರ್ಭಿಣಿ ಬಾಣಂತಿಯರಿಗೆ ಮನೆಗೆ ಕೊಡುವ ಆಹಾರಕ್ಕೂ 2025ರಲ್ಲಿ ಮುಖ ಗುರುತು ಬಂತು. ನೆಟ್‌ವರ್ಕ್ ಸಿಗಲು ಗುಡ್ಡ ಹತ್ತಬೇಕಾದ ಹಳ್ಳಿಗಳು ನಮ್ಮ ತಾಲ್ಲೂಕಿನಲ್ಲಿ ಈಗಲೂ ಇವೆ. ಮಗು ಎತ್ತಿಕೊಂಡ ಬಾಣಂತಿಗೆ ಪಕ್ಕದ ಸಾಲು ಎಲ್ಲಿದೆ? ಮುಖ ಗುರುತಿಸುವ ಸಾಫ್ಟ್‌ವೇರ್ ಎಲ್ಲರ ಮುಖವನ್ನೂ ಒಂದೇ ರೀತಿ ನೋಡುವುದಿಲ್ಲ ಎನ್ನುವುದೂ ಹಳೆಯ ಸಂಗತಿ. 2018ರಲ್ಲಿ ಜಾಯ್ ಬುಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಮೂರು ಕಂಪನಿಗಳ ಸಾಫ್ಟ್‌ವೇರ್ ಪರೀಕ್ಷಿಸಿದರು. ಮುಖ ನೋಡಿ ಗಂಡೋ ಹೆಣ್ಣೋ ಎಂದು ಹೇಳುವಾಗ ಬಿಳಿ ಮೈಬಣ್ಣದ ಗಂಡಸರಲ್ಲಿ ತಪ್ಪು 0.8% ದಾಟಲಿಲ್ಲ, ಕಪ್ಪು ಮೈಬಣ್ಣದ ಹೆಂಗಸರಲ್ಲಿ 34.7%ವರೆಗೂ ಹೋಯಿತು. ಅದು ಬೇರೆ ದೇಶದ, ಬೇರೆ ಕೆಲಸದ ಸಾಫ್ಟ್‌ವೇರ್, ನಿಜ. ಆದರೆ ಬಿಸಿಲಿಗೆ ಬೆಂದ ಮುಖದ ಮೇಲೆ ನಮ್ಮ ಆಪ್‌ಗಳನ್ನು ಪರೀಕ್ಷಿಸಿ ಅಂಕಿ ಹೊರಗಿಡಿ ಎಂದು ಕೇಳಲು ಆ ಅಧ್ಯಯನ ಸಾಕು.

ಇಂಥ ಸಂಸ್ಥೆಯೊಂದಕ್ಕೆ, ಇಲ್ಲೂ ಹೆಸರು ಬೇಡ, ನಾನು ಬರೆದೆ. ಬೆರಳು ಹಿಡಿಯದಿದ್ದರೆ ಏನು ಮಾಡಬೇಕು, ಏನೆಂದು ಕೇಳಬೇಕು ಎಂದು ಒಂದೇ ಪುಟದ ಕನ್ನಡ ಕರಪತ್ರ ಮಾಡಿಕೊಡಿ, ಪ್ರಿಂಟ್ ಖರ್ಚು ನಮ್ಮದು ಎಂದೆ. ಬಹಳ ಸೌಜನ್ಯದ ಉತ್ತರ ಬಂತು, ಕರಪತ್ರ ಬರಲಿಲ್ಲ. ಕೊನೆಗೆ ನಾನೇ ಕೂತು ಬರೆದೆ. ಬೆರಳು ಹಿಡಿಯಲಿಲ್ಲ ಎಂಬ ಕಾರಣಕ್ಕೆ ರೇಷನ್ ಕೊಡದೆ ಕಳಿಸುವ ಹಾಗಿಲ್ಲ ಎಂದು 2017ರ ಅಕ್ಟೋಬರಿನಲ್ಲೇ ಆಧಾರ್ ಪ್ರಾಧಿಕಾರ ಸುತ್ತೋಲೆ ಹೊರಡಿಸಿದೆ. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆಧಾರ್ ಕಾಯ್ದೆಯ ಹೆಚ್ಚಿನ ಭಾಗವನ್ನು ಎತ್ತಿ ಹಿಡಿದರೂ, ದೃಢೀಕರಣ ವಿಫಲವಾಯಿತೆಂದು ಅರ್ಹರು ಸವಲತ್ತಿನಿಂದ ಹೊರಗುಳಿಯಬಾರದು ಎಂಬುದಕ್ಕೆ ಒತ್ತು ಕೊಟ್ಟಿದೆ. ಇವೆರಡನ್ನೂ, ಜೊತೆಗೆ ಒಟಿಪಿ ಕೇಳಿ, ರಿಜಿಸ್ಟರಿನಲ್ಲಿ ಬರೆಸಿಕೊಳ್ಳಿ, ಆಗದಿದ್ದರೆ ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ ಎಂಬುದನ್ನೂ ದೊಡ್ಡ ಅಕ್ಷರದಲ್ಲಿ ಹಾಕಿದ್ದೇನೆ. ಮೊದಲು ಹೇಳಿದ ಅಜ್ಜಿ ಅದನ್ನು ಮಡಿಚಿ ರೇಷನ್ ಕಾರ್ಡಿನ ಒಳಗೆ ಇಟ್ಟುಕೊಂಡಿದ್ದಾರೆ. ಓದಲು ಬರುವುದಿಲ್ಲ, ಆದರೆ ತೆಗೆದು ತೋರಿಸುತ್ತಾರೆ, ಕೆಲಸ ಆಗುತ್ತದೆ.

ಸದಸ್ಯತ್ವ ಮುಂದುವರಿಸುತ್ತೇನೆ. ಐದಕ್ಕೆ ನಾಲ್ಕು ನಕ್ಷತ್ರ. ಉಳಿದ ಒಂದು, ಈ ಕ್ಷೇತ್ರದವರೆಲ್ಲ ಸೇರಿ ಕನ್ನಡದಲ್ಲಿ, ಕೌಂಟರಿನ ಮುಂದೆ ನಿಂತವರಿಗೆ ಅರ್ಥವಾಗುವ ಹಾಗೆ ಬರೆಯಲು ಶುರು ಮಾಡಿದ ದಿನಕ್ಕೆ. ಇಂಗ್ಲಿಷ್ ಬಲ್ಲ ಮಲೆನಾಡಿನ ಹುಡುಗ ಹುಡುಗಿಯರು ಬೆಂಗಳೂರಿನಲ್ಲಿ ಕೂತು ಇದನ್ನು ಓದುತ್ತಿದ್ದರೆ, ದುಡ್ಡಿನ ಬದಲು ಅನುವಾದವನ್ನೇ ದೇಣಿಗೆ ಕೊಡಬಹುದು. ಒಂದು ಭಾನುವಾರಕ್ಕೆ ಒಂದು ಪುಟ ಆದರೂ ಸಾಕು, ತಪ್ಪಿದ್ದರೆ ನಾನು ತಿದ್ದಿಕೊಳ್ಳುತ್ತೇನೆ. ಕರಪತ್ರ ಬೇಕಾದ ಸೊಸೈಟಿಯವರು, ಅಂಗನವಾಡಿ ಅಕ್ಕಂದಿರು, ನಮ್ಮ ಹಾಗೆ ಸೆಂಟರ್ ನಡೆಸುವವರು ಅಂಗಡಿಗೆ ಬನ್ನಿ. ಝೆರಾಕ್ಸ್ ದುಡ್ಡು ತೆಗೆದುಕೊಳ್ಳುವುದಿಲ್ಲ. ಸಂತೆ ದಿನ ಮಾತ್ರ ಬೇಡ, ಆವತ್ತು ಪಹಣಿಯವರ ಸಾಲು ರಸ್ತೆವರೆಗೆ ಇರುತ್ತದೆ.